ಟ್ರಂಕಿನೊಳಗಿನ ಸಂಘಗಳು: ಊರಿನ ದಾಖಲೆಗಳ ಪಟ್ಟಿ ಮಾಡುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಯಾವ ಬೀದಿಗೆ ಹೋದರೂ ಒಂದಲ್ಲ ಒಂದು ಸಂಘದ ಬೋರ್ಡ್ ಕಾಣುತ್ತದೆ. ಮಹಿಳಾ ಸಮಾಜ, ಯುವಕ ಸಂಘ, ಭಜನಾ ಮಂಡಳಿ, ಬೆಳೆಗಾರರ ಸಂಘ, ಗಣಪತಿ ಸಮಿತಿ. ಯಾವಾಗ ಶುರುವಾಗಿದ್ದು ಅಂತ ಕೇಳಿ ನೋಡಿ. "ನಮ್ಮಪ್ಪನ ಕಾಲದ್ದು" ಅನ್ನುತ್ತಾರೆ. ಪುಸ್ತಕಗಳು? "ಹಳೇ ಸೆಕ್ರೆಟರಿ ಮನೇಲಿ ಒಂದು ಟ್ರಂಕ್ ಇತ್ತಪ್ಪ."

ನಾವು ನಾಲ್ಕೈದು ಜನ ಸೇರಿ ಆ ಟ್ರಂಕುಗಳ ಪಟ್ಟಿ ಮಾಡಲು ಕೂತೆವು. ಎಡವಿದ್ದೇ ಜಾಸ್ತಿ. ನಿಮ್ಮೂರಲ್ಲೂ ಮಾಡುವುದಾದರೆ ಕಲಿತದ್ದನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು, ಪುಸ್ತಕ ಕೇಳಬೇಡಿ. ಕೊಡಿ ಅಂದ ಕೂಡಲೇ ಜನ ಹಿಂದೆ ಸರಿಯುತ್ತಾರೆ. ಅವರದ್ದೂ ತಪ್ಪಲ್ಲ. ಹಿಂದೆ ಯಾರೋ "ನೋಡಿ ಕೊಡ್ತೀನಿ" ಅಂತ ಒಯ್ದದ್ದು ವಾಪಸ್ ಬಂದಿರುವುದಿಲ್ಲ. ಯಾವ ಸಂಘದ್ದು, ಯಾವ ಪುಸ್ತಕ, ಯಾರ ಅಟ್ಟದಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಇಷ್ಟು ಬರೆದುಕೊಂಡರೆ ಸಾಕು. ವಸ್ತು ಅಲ್ಲೇ ಇರಲಿ. ನಮಗೆ ಬೇಕಾದದ್ದು ಅದರ ವಿಳಾಸ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಸ್ಪ್ರೆಡ್‌ಶೀಟ್, ಅದರಲ್ಲಿ ಎರಡು ಹಾಳೆ. ಒಂದರಲ್ಲಿ ಸಂಘಗಳು, ಇನ್ನೊಂದರಲ್ಲಿ ದಾಖಲೆಗಳು. ಒಂದು ಸಂಘಕ್ಕೆ ಹತ್ತು ಪುಸ್ತಕ ಇರಬಹುದು, ಹಾಗಾಗಿ ಎರಡನ್ನೂ ಒಂದೇ ಹಾಳೆಗೆ ತುರುಕಬೇಡಿ. ಸಂಘಕ್ಕೊಂದು ನಂಬರ್ ಕೊಟ್ಟು, ಅದನ್ನೇ ದಾಖಲೆಗಳ ಹಾಳೆಯಲ್ಲೂ ಬರೆದರೆ ಎರಡಕ್ಕೂ ಕೊಂಡಿ ಬೀಳುತ್ತದೆ.

ನಂಬರ್ ಹೇಗಿರಬೇಕು ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆ ಮಾದರಿ ಇದೆ. ಶಾಸನ ತಜ್ಞ ಬಿ.ಎಲ್. ರೈಸ್ ಇಲ್ಲಿನ ಶಾಸನಗಳ ಸಂಪುಟವನ್ನು 1901ರಲ್ಲಿ ತಂದಾಗ ತಾಲ್ಲೂಕುವಾರು ನಂಬರ್ ಕೊಟ್ಟರು. ಆಗ ಇದು ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಅನ್ನುವ ಹೆಸರು ಬಂದದ್ದು 1947ರಲ್ಲಿ. ಜಿಲ್ಲೆಯ ಹೆಸರು ಹೋದರೂ ಆ ನಂಬರ್‌ಗಳನ್ನು ಇವತ್ತಿಗೂ ಬಳಸುತ್ತಾರೆ. ನೀವೂ 'ಕಡೂರು 1', 'ಮೂಡಿಗೆರೆ 14' ಅಂತ ಕೊಡಿ. ಒಮ್ಮೆ ಕೊಟ್ಟ ಮೇಲೆ ಸಂಘ ಮುಚ್ಚಿಹೋದರೂ, ತಾಲ್ಲೂಕು ಒಡೆದರೂ ಬದಲಾಯಿಸಬೇಡಿ. ಕಳಸ, ಅಜ್ಜಂಪುರ ಎರಡೂ ಈಚೆಗೆ ಬೇರೆ ತಾಲ್ಲೂಕಾದವು, ನೋಡಿ. ಊರಿನ ಹೆಸರಿಗೂ ಎರಡು ಕಾಲಂ ಇರಲಿ: ಪುಸ್ತಕದಲ್ಲಿ ಇರುವ ಹೆಸರು, ಈಗಿನ ಹೆಸರು. ಹಳೆಯ ಕಾಗದದಲ್ಲಿ ಎಡೇಹಳ್ಳಿ ಅಂತಿದ್ದರೆ ಅದು ಈಗಿನ ನರಸಿಂಹರಾಜಪುರ ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಕಾಲಂ ಬಿಡಲೇಬೇಡಿ: 'ಎಲ್ಲಿಂದ ಗೊತ್ತಾಯಿತು'. ಬೋರ್ಡ್ ಮೇಲೆ ಒಂದು ಇಸವಿ, ರಸೀದಿ ಪುಸ್ತಕದ ಮೇಲೆ ಇನ್ನೊಂದು, ಅಧ್ಯಕ್ಷರ ಬಾಯಲ್ಲಿ ಮತ್ತೊಂದು ಇರುತ್ತದೆ. ಮೂರನ್ನೂ ಬರೆಯಿರಿ, ಯಾವುದು ಎಲ್ಲಿಯದು ಅಂತ ಸೇರಿಸಿ. ನೀವೇ ನ್ಯಾಯ ಹೇಳಲು ಹೋಗಬೇಡಿ.

ನೋಂದಣಿ ಆಗಿದ್ದರೆ ಸರ್ಕಾರಿ ಕಚೇರಿಯಲ್ಲೂ ಜಾಡು ಸಿಗುತ್ತದೆ, ಆದರೆ ಬಾಗಿಲು ಬೇರೆ ಬೇರೆ. ಸಂಘ ಸಂಸ್ಥೆಗಳಿಗೆ 1960ರ ಸಂಘಗಳ ನೋಂದಣಿ ಕಾಯ್ದೆ, ಸಹಕಾರ ಸಂಘಗಳಿಗೆ 1959ರ ಕಾಯ್ದೆ. ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿ. 1960ಕ್ಕೂ ಹಿಂದಿನ ಸಂಘವಾದರೆ ಮೈಸೂರು ಸಂಸ್ಥಾನದ 1904ರ ಕಾನೂನಿನಲ್ಲಿ ನೋಂದಣಿ ಆಗಿರಬಹುದು. ಕಚೇರಿಯಲ್ಲಿ ಸುಮ್ನೆ ಅಲೆಯುವ ಬದಲು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಭಜನಾ ಮಂಡಳಿಯಂಥವು ಎಷ್ಟೋ ಸಲ ನೋಂದಣಿಯೇ ಆಗಿರುವುದಿಲ್ಲ. ಅವುಗಳಿಗೆ ಟ್ರಂಕೇ ಗತಿ.

ಟ್ರಂಕ್ ತೆರೆದಾಗ ಏನಾಗುತ್ತದೆ ಅಂತ ಒಂದು ಉದಾಹರಣೆ. ನಮಗೆ ಸಿಕ್ಕ ಒಂದು ನಡವಳಿ ಪುಸ್ತಕದಲ್ಲಿ ಇಸವಿಯೇ ಇರಲಿಲ್ಲ. 'ಪ್ರಭವ ಸಂವತ್ಸರದ ಶ್ರಾವಣ ಶುದ್ಧ ಪಂಚಮಿ' ಅಂತಷ್ಟೇ ಇತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ ಅಂದರೆ 1927 ಆಗಬಹುದು, 1987 ಕೂಡ ಆಗಬಹುದು. ಹಾಳೆ ಹಳದಿಯಾಗಿದೆ ಅಂತ ನಂಬುವಂತಿಲ್ಲ, ಮಲೆನಾಡಿನ ಅಟ್ಟದಲ್ಲಿ ಹತ್ತೇ ಮಳೆಗಾಲಕ್ಕೆ ಕಾಗದ ಮುದಿಯಾಗುತ್ತದೆ. ಪುಟ ತಿರುವಿದಾಗ ಖರ್ಚಿನ ಲೆಕ್ಕ ಸಿಕ್ಕಿತು: ಸೀಮೆಎಣ್ಣೆಗೆ 3-8-6. ಅಂದರೆ 3 ರೂಪಾಯಿ 8 ಆಣೆ 6 ಪೈ. ಆಣೆ, ಪೈ ಲೆಕ್ಕದ ಬದಲು ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆಣೆ, ಪೈ ಇದೆ ಅಂದಮೇಲೆ 1987 ಅಲ್ಲ, 1927ರದ್ದೇ.

ಖುಷಿಯಲ್ಲಿ ಆ 3-8-6 ಅನ್ನು ಹಾಗೇ ಟೈಪ್ ಮಾಡಿದೆ. ಕಂಪ್ಯೂಟರ್ ಅದನ್ನು ತಾರೀಖು ಅಂದುಕೊಂಡು 2006ನೇ ಇಸವಿ ಮಾಡಿ ಕೂರಿಸಿತು! ಗೊತ್ತಾಗುವ ಹೊತ್ತಿಗೆ ಎರಡು ಪುಟದ ಲೆಕ್ಕ ಕೆಟ್ಟಿತ್ತು. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಅಂತ ಬದಲಾಯಿಸಿಕೊಳ್ಳಿ. ಆಣೆಯನ್ನು ಪೈಸೆಗೆ ತಿರುಗಿಸಬೇಡಿ, ಇದ್ದದ್ದು ಇದ್ದ ಹಾಗೆ ಇರಲಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್‌ನಲ್ಲಿ ಮಾಡಿದರೆ ಬೇರೆಯವರ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ.

ಫೋಟೋಗೆ ಮೊಬೈಲ್ ಸಾಕು. ಕಿಟಕಿ ಪಕ್ಕ ಕೂತು, ಫ್ಲ್ಯಾಶ್ ಇಲ್ಲದೆ, ಮೇಲಿನಿಂದ ನೇರವಾಗಿ ತೆಗೆಯಿರಿ. ಫೈಲಿನ ಹೆಸರಲ್ಲಿ ಸಂಘದ ನಂಬರ್ ಇರಲಿ. ಬೂಸ್ಟು ಹಿಡಿದ ಪುಸ್ತಕವನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಗಾಳಿಗೆ ಇಡಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ಒರೆಸಿ. ಹರಿದ ಹಾಳೆಗೆ ಸೆಲೋಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಬೇಡವೇ ಬೇಡ. ಅಟ್ಟದ ಕೆಲಸವೆಲ್ಲ ಮುಂಗಾರಿಗೆ ಮೊದಲೇ ಮುಗಿಯಲಿ.

ಪಟ್ಟಿಯನ್ನು ಎಲ್ಲರ ಜೊತೆ ಹಂಚಿಕೊಳ್ಳಿ, ಆದರೆ ಎಲ್ಲವನ್ನೂ ಅಲ್ಲ. ಯಾರು ಎಷ್ಟು ಸಾಲ ಬಾಕಿ ಉಳಿಸಿಕೊಂಡರು, ಯಾರಿಗೆ ದಂಡ ಹಾಕಿದರು ಅನ್ನುವುದೂ ಈ ಪುಸ್ತಕಗಳಲ್ಲಿ ಇರುತ್ತದೆ. ಅವರ ಮೊಮ್ಮಕ್ಕಳು ಅದೇ ಬೀದಿಯಲ್ಲಿ ಇದ್ದಾರೆ ಅಲ್ವಾ? ಪುಸ್ತಕ ಇದೆ ಅಂತ ಮಾತ್ರ ತೋರಿಸಿ. ಮನೆ ವಿಳಾಸ, ಫೋನ್ ನಂಬರ್ ಬೇರೆ ಹಾಳೆಯಲ್ಲಿ ಇಬ್ಬರು ಮೂವರ ಹತ್ತಿರ ಇರಲಿ. ತಿದ್ದುವ ಅಧಿಕಾರವೂ ಅಷ್ಟೇ ಜನರಿಗೆ. ಉಳಿದವರು ನೋಡಲಿ, ತಪ್ಪಿದ್ದರೆ ಹೇಳಲಿ. ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಬೇರೆ ಮನೆಯ ಕಂಪ್ಯೂಟರ್‌ನಲ್ಲೂ ಇಡಿ.

ನಮ್ಮ ಪಟ್ಟಿಯಲ್ಲಿ ಮೂಡಿಗೆರೆ ಕಡೆಯ ಒಂದು ಸಂಘದ ಮುಂದೆ ಈಗ ಇರುವುದು ಇಷ್ಟೇ: 'ಕಬ್ಬಿಣದ ಬೀರು ಇದೆ. ಬೀಗದ ಕೈ ಸಿಕ್ಕಿಲ್ಲ.'