ರೋಬೋ ಶಾರ್ಟ್ ಫಿಲ್ಮಲ್ಲಿ ಪ್ರೀತಿ ತೋರಿಸೋದು ಹೇಗೆ

ರೋಬೋ ಲವ್ ಸ್ಟೋರಿ ಮಾಡ್ಬೇಕು ಅಂತಿರೋರು ಮೊದ್ಲು ಕೈ ಹಾಕೋದೇ ಮುಖಕ್ಕೆ, ಮನುಷ್ಯನ ತರ ಕಣ್ಣು ತುಟಿ ಎಲ್ಲಾ ಇಡೋಕೆ. ದಯವಿಟ್ಟು ಬೇಡ. ಮುಖ ಮನುಷ್ಯನಿಗೆ ತೀರಾ ಹತ್ರ ಬಂದು ಸ್ವಲ್ಪದರಲ್ಲಿ ತಪ್ಪಿದ್ರೆ ನೋಡೋರಿಗೆ ಒಂಥರಾ ಕಸಿವಿಸಿ ಆಗುತ್ತೆ, ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ ಇದನ್ನ 1970ರಲ್ಲೇ ಬರೆದಿದ್ರು. ಮುಖ ಬೇಕೇ ಬೇಕು ಅಂತನೂ ಇಲ್ಲ. 1944ರಲ್ಲಿ ಹೈಡರ್, ಸಿಮ್ಮೆಲ್ ಅನ್ನೋ ಇಬ್ರು ಮನಃಶಾಸ್ತ್ರಜ್ಞರು ಎರಡು ತ್ರಿಕೋನ ಒಂದು ವೃತ್ತ ಓಡಾಡೋ ಪುಟ್ಟ ಫಿಲ್ಮ್ ತೋರಿಸಿದ್ರೆ ಜನ ಅದ್ರಲ್ಲೇ ಜಗಳ, ಭಯ, ಪ್ರೇಮಿಗಳು ಎಲ್ಲಾ ಕಂಡ್ರು.

ಅಂದ್ರೆ ನೀವು ಚಲನೆ ಸರಿಯಾಗಿ ಕೊಟ್ರೆ ಸಾಕು, ಮಿಕ್ಕಿದ್ದು ನೋಡೋರ ಮನಸ್ಸೇ ತುಂಬ್ಕೊಳುತ್ತೆ.

ಕಥೇಲಿ "ಐ ಲವ್ ಯೂ" ಡೈಲಾಗ್ ಇದ್ರೆ ಕಿತ್ತಾಕಿ, ಆ ಜಾಗದಲ್ಲಿ ರೋಬೋ ಏನಾದ್ರೂ ಕೊಡ್ಲಿ ಇಲ್ಲಾ ಕಳ್ಕೊಳ್ಲಿ. ನಿರ್ದೇಶಕ ಸ್ಪೈಕ್ ಜೋನ್ಸ್ 2010ರಲ್ಲಿ ಮಾಡಿದ ರೋಬೋ ಪ್ರೇಮಕಥೆ "ಐಯಾಮ್ ಹಿಯರ್" ನೋಡಿ, ಅರ್ಧ ಗಂಟೆ ಅಷ್ಟೇ. ಲೈಬ್ರರೀಲಿ ಕೆಲಸ ಮಾಡೋ ಶೆಲ್ಡನ್, ತಲೆ ಹಳೇ ಕಂಪ್ಯೂಟರ್ ಡಬ್ಬದ ತರ, ಹುಡುಗಿ ಕೈ ಮುರಿದ್ರೆ ತನ್ನ ಕೈಯನ್ನೇ ಬಿಚ್ಚಿ ಕೊಡ್ತಾನೆ, ಆಮೇಲೆ ಕಾಲು, ಕೊನೇಲಿ ಏನು ಅಂತ ನಾನು ಹೇಳಲ್ಲ, ನೀವೇ ನೋಡ್ಬೇಕು.

ಈಗ ಕೈಯಲ್ಲಿ ಕಾಸಿಲ್ಲದವರಿಗೆ. ನಾವು ಮಾಡಿದ ಶಾರ್ಟ್ ಫಿಲ್ಮಲ್ಲಿ ರೋಬೋ ತಲೆ ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ, ಕಣ್ಣು ಎರಡು ಎಲ್‌ಇಡಿ, ಕತ್ತು ತಿರುಗ್ಸೋಕೆ ನೈಲಾನ್ ದಾರ. ಕೋಪಕ್ಕೆ ಕೆಂಪು ಖುಷಿಗೆ ಹಸಿರು ಲೈಟ್ ಇಟ್ಟು ನೋಡಿದ್ವಿ, ಏನೂ ಅನಿಸ್ಲಿಲ್ಲ, ತೆಗೆದ್ವಿ. ಕೆಲಸಕ್ಕೆ ಬಂದಿದ್ದು ತಲೆ ತಿರುಗ್ಸೋದನ್ನ ತಡ ಮಾಡಿದ್ದು. ಕಥೇಲಿ ಒಬ್ಬರು ಅಜ್ಜಿ ದಿನಾ ಎರಡು ಲೋಟ ಕಾಫಿ ಇಡ್ತಾರೆ, ರೋಬೋ ಕುಡಿಯಲ್ಲ, ಸುಮ್ನೆ ಎದುರಿಗೆ ಕೂತಿರುತ್ತೆ, ಅಜ್ಜಿ ಕರೆದ ತಕ್ಷಣ ತಲೆ ತಿರುಗುತ್ತೆ. ಅಜ್ಜಿ ಇಲ್ಲದ ದಿನ ಬೆಳಿಗ್ಗೆ ರೋಬೋನೇ ಎರಡು ಲೋಟ ತಂದಿಟ್ಟು ಕೂತ್ಕೊಳುತ್ತೆ, ಆಗ ಖಾಲಿ ಚೇರ್ ಕಡೆ ತಲೆ ತಿರುಗೋದನ್ನ ಪೂರ್ತಿ ಎರಡು ಸೆಕೆಂಡ್, ಅಂದ್ರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 48 ಫ್ರೇಮ್, ತಡ ಮಾಡಿದ್ವಿ. ಕ್ಯಾಮೆರಾ ಹಿಡಿದಿದ್ದವನ ಕಣ್ಣೇ ಒದ್ದೆಯಾಗಿತ್ತು.

ಸೌಂಡ್ ಮರೀಬೇಡಿ. ರೋಬೋ ಇರೋ ಪ್ರತಿ ಶಾಟಲ್ಲೂ ಸಣ್ಣಗೆ ಒಂದು ಫ್ಯಾನ್ ಸದ್ದು ಇಡಿ, ಅದೇ ಅದರ ಉಸಿರು, ಮನಸ್ಸಿಗೆ ನಾಟ್ಬೇಕಾದ ಜಾಗದಲ್ಲಿ ಅದನ್ನ ನಿಲ್ಲಿಸಿ. ಅಲ್ಲಿ ಪಿಟೀಲು ಗಿಟೀಲು ಏನೂ ಬೇಡ, ಹಾಕಲೇಬೇಕು ಅಂದ್ರೆ ಕಾಫಿ ಹಬೆ ಪೂರ್ತಿ ನಿಂತ್ಮೇಲೆ, ಹೆಸರುಗಳು ಬರೋವಾಗ ಹಾಕ್ಕೊಳ್ಳಿ.