ಮಕ್ಕಳ ಕ್ಯಾಂಪ್‌ನಲ್ಲಿ ಪರಿಸರ ಸಂರಕ್ಷಣೆ ಕೆಲಸದ ಇಂಟರ್ನ್ ಆಗುವವರಿಗೆ

ಚಿಕ್ಕಮಗಳೂರಿನ ಕಡೆ ಕ್ಯಾಂಪ್‌ಗೆ ಇಂಟರ್ನ್ ಆಗಿ ಹೋಗುವವರು ಲಂಟಾನ (ಕಾಡನ್ನು ಆವರಿಸಿಕೊಳ್ಳುವ ಹೊರದೇಶದ ಮುಳ್ಳುಪೊದೆ) ಕೀಳುವುದನ್ನು ಸರಿಯಾಗಿ ಕಲಿಯಿರಿ. ಸುಮ್ನೆ ಕತ್ತಿಯಿಂದ ಮೇಲೆ ಸವರಿದರೆ ಮತ್ತೆ ಜಾಸ್ತಿ ಚಿಗುರುತ್ತದೆ. ಬುಡದ ಮಣ್ಣು ಬಿಡಿಸಿ, ನೆಲದಿಂದ ಎರಡು ಮೂರು ಬೆರಳು ಕೆಳಗೆ ಪಿಕಾಸಿಯಿಂದ ತಾಯಿಬೇರು ಕಡಿಯಿರಿ, ಆಮೇಲೆ ಪೊದೆಯನ್ನು ತಲೆಕೆಳಗು ಮಾಡಿ ಇಡಿ, ಇಲ್ಲದಿದ್ದರೆ ಮಣ್ಣಿಗೆ ತಾಗಿದ ಕೊಂಬೆ ಅಲ್ಲೇ ಬೇರು ಬಿಡುತ್ತದೆ. ಕಾಯಿ ಹಣ್ಣಾಗುವ ಮೊದಲೇ ಇದು ಮುಗಿಯಬೇಕು, ಬೀಜ ಹರಡುವುದು ಹಕ್ಕಿಗಳು ಅಲ್ವಾ? ಚಿಕ್ಕ ಮಕ್ಕಳಿಗೆ ಪಿಕಾಸಿ ಬೇಡ, ಕೈಗವಸು ಹಾಕಿಸಿ, ಹಕ್ಕಿ ಕೂರುವ ಮರದಡಿ ಹಾಗೆ ಬೀಜ ಬಿದ್ದು ಹುಟ್ಟಿದ ಎಳೆ ಲಂಟಾನ ಸಸಿ ಕೀಳಿಸಿ.

ಮಕ್ಕಳನ್ನು ಮುಳ್ಳಯ್ಯನಗಿರಿಗೆ ಕರೆದೊಯ್ದರೆ ದಾರಿ ಬಿಟ್ಟು ಇಳಿಯಲು ಬಿಡಬೇಡಿ. 1,930 ಮೀಟರ್ ಎತ್ತರದ ಆ ಬೆಟ್ಟ ಬೋಳಾಗಿ ಕಂಡರೂ ಮಳೆನೀರು ಹಿಡಿದು ಹಳ್ಳಕ್ಕೆ ಬಿಡುವುದು ಅಲ್ಲಿನ ಹುಲ್ಲೇ. ಅಲ್ಲಿ ಗಿಡ ನೆಡೋಣ ಎಂದು ಯಾರಾದರೂ ಹೊರಟರೆ ದಯವಿಟ್ಟು ತಡೆಯಿರಿ.

ಮಳೆಗಾಲದಲ್ಲಿ ಇಂಬಳ (ಜಿಗಣೆ) ಇದ್ದೇ ಇರುತ್ತದೆ. ಎಳೆಯಬೇಡಿ, ಕಚ್ಚಿದ ಕಡೆ ಉಗುರಿನಿಂದ ಮೆಲ್ಲಗೆ ಸರಿಸಿ, ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ.

ಕಾಡಿನೊಳಗಿನ ಕೆಲಸಕ್ಕೆ ಅರಣ್ಯ ಇಲಾಖೆಯ ಅನುಮತಿ ಇದೆಯಾ ಎಂದು ಕ್ಯಾಂಪಿನವರನ್ನು ಮೊದಲೇ ಕೇಳಿಕೊಳ್ಳಿ.