ಬೆಳಗಾವಿಯಲ್ಲಿದ್ದುಕೊಂಡೇ ಅನುವಾದದ ಕೆಲಸ ಶುರು ಮಾಡುವುದು ಹೇಗೆ

ಅನುವಾದದ ಕೆಲಸ ಕಲಿಯಬೇಕು ಅಂತ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರು ಮೊದಲು ಹೇಳುವುದು ಇದೇ: "ಅಕ್ಕಾ, ನಂಗ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರ್ತಾವ್ರೀ." ಬೆಳಗಾವಿಯಲ್ಲಿ ಅದು ದೊಡ್ಡ ಮಾತಲ್ಲ. ಖಡೇ ಬಜಾರಿನ ಅಂಗಡಿಯವರಿಗೂ ಮೂರೂ ಬರುತ್ತವೆ. ನಾನು ಕೇಳುವುದು ಬೇರೆ. ನಿಮಗೆ ಯಾವ ವಿಷಯ ಚೆನ್ನಾಗಿ ಗೊತ್ತು?

ನಮ್ಮಪ್ಪ ಇಲ್ಲಿನ ಉದ್ಯಮಬಾಗಿನ ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಮೋಲ್ಡಿಂಗ್ ಕೆಲಸ ಮಾಡುತ್ತಿದ್ದರು. ಪ್ಯಾಟರ್ನ್, ಕೋರ್, ಫರ್ನೇಸ್ ಅನ್ನುವ ಮಾತು ಊಟದ ಹೊತ್ತಿಗೂ ನಡೆಯುತ್ತಿತ್ತು. ಹಾಗಾಗಿ ನಾನು ಹಿಡಿದದ್ದು ಯಂತ್ರಗಳ ಕೈಪಿಡಿ, ಸುರಕ್ಷತೆಯ ಸೂಚನೆಗಳು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಮೇಲೆ ಕೆಲಸಗಾರರಿಗೆ ಓದಿ ಹೇಳುತ್ತೇನೆ. "ಅಕ್ಕಾರ, ಹಿಂಗ ಯಾರ ಅಂತಾರ್ರೀ?" ಅಂದರೆ ಆ ವಾಕ್ಯ ಬದಲಾಗಲೇಬೇಕು. ಕರಗಿದ ಕಬ್ಬಿಣದ ಮುಂದೆ ನಿಂತವನಿಗೆ ಸೂಚನೆ ಅರ್ಥವಾಗದಿದ್ದರೆ ಸುಡುವುದು ಅವನ ಕೈ. ನಮ್ಮ ಕೆಲಸದ ಹೊಣೆ ಅಷ್ಟು ದೊಡ್ಡದು.

ನಿಮ್ಮ ವಿಷಯ ನಿಮ್ಮ ಮನೆಯಲ್ಲೇ ಇರಬಹುದು. ಕಬ್ಬು ಬೆಳೆಯುವ ಮನೆಯವರಾದರೆ ಗೊಬ್ಬರ, ಹನಿ ನೀರಾವರಿಯ ಕರಪತ್ರಗಳಿವೆ. ನರ್ಸಿಂಗ್ ಅಥವಾ ಫಾರ್ಮಸಿ ಓದಿದ್ದರೆ ವೈದ್ಯಕೀಯ ಸಂಶೋಧನೆಯ ಒಪ್ಪಿಗೆ ಪತ್ರಗಳಿವೆ. ಹೊಸ ಔಷಧಿಯ ಪ್ರಯೋಗಕ್ಕೆ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲೇ ವಿವರ ಕೊಡಬೇಕು ಅಂತ ಕೇಂದ್ರ ಸರ್ಕಾರದ 2019ರ ನಿಯಮಗಳೇ ಹೇಳುತ್ತವೆ. ಇಂಥ ಪತ್ರಗಳನ್ನು ನೀವು ಕನ್ನಡಕ್ಕೆ ತಂದ ಮೇಲೆ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡುವುದುಂಟು. ಆದ್ದರಿಂದ ಒಂದು ಸಾಲನ್ನೂ ಅಂದಾಜಿನ ಮೇಲೆ ಬರೆಯಬೇಡಿ.

ಕಾನೂನು ಗೊತ್ತಿದ್ದವರಿಗೆ ನಮ್ಮ ಜಿಲ್ಲೆಯಲ್ಲಿ ವಿಶೇಷವಾದ ಕೆಲಸವಿದೆ. 1956ರ ನವೆಂಬರ್ 1ರವರೆಗೆ ನಾವು ಮುಂಬೈ ರಾಜ್ಯದಲ್ಲಿದ್ದೆವು. ಹಳೇ ಜಮೀನಿನ ಕಾಗದಗಳಲ್ಲಿ ಮರಾಠಿಯವು ಬಹಳ. ಇನ್ನೂ ಹಳೆಯವು ಮೋಡಿ ಲಿಪಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡಕ್ಷರದ ಲಿಪಿಯಲ್ಲಿ ಸಿಗುತ್ತವೆ. ಮೋಡಿ ಓದುವವರು ಈಗ ತೀರಾ ಕಡಿಮೆ. ಮರಾಠಿ ಓದಲು ಬರುವ, ತಾಳ್ಮೆಯಿರುವ ಯುವಕರು ಇದನ್ನು ಕಲಿಯಲೇಬೇಕು ಅಂತ ನನ್ನ ಆಸೆ. ಅನುವಾದದ ಕೊನೆಯಲ್ಲಿ ಯಾವ ದೃಢೀಕರಣ ಬೇಕು, ನೋಟರಿ ಸಹಿ ಬೇಕಾ ಅಂತ ಕೆಲಸ ಕೊಟ್ಟ ವಕೀಲರನ್ನೇ ಮೊದಲು ಕೇಳಿ.

ನೀವು ಯಾವ ಭಾಷೆಯಲ್ಲಿ ಚೆನ್ನಾಗಿ ಬರೆಯುತ್ತೀರೋ ಆ ಭಾಷೆಗೆ ಮಾತ್ರ ಅನುವಾದ ಮಾಡಿ. ಅನುಭವ ಇಲ್ವಾ? ನಿಮ್ಮ ವಿಷಯದ ಎರಡು ಮೂರು ಬರಹ ಆರಿಸಿ, ತಲಾ ಒಂದು ಪುಟ ಅನುವಾದಿಸಿ, ವಿಷಯ ಬಲ್ಲವರಿಂದ ತಿದ್ದಿಸಿ. ಬಯೋಡೇಟಾ ಜೊತೆ ಅದನ್ನೇ ಕಳಿಸಿ.

ಟೈಪಿಂಗ್ ಯೂನಿಕೋಡಿನಲ್ಲೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತದಲ್ಲೇ ಇರಲಿ. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಬೇರೆಯವರ ಕಂಪ್ಯೂಟರಿನಲ್ಲಿ ಬರೀ ಗೀಚಿದಂತೆ ಕಾಣುತ್ತದೆ. ಶುರುವಿನಲ್ಲೇ ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಡಿ. ಒಮೆಗಾಟಿ (OmegaT) ಅನ್ನುವ ಅನುವಾದಕರ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಹಿಂದೆ ಅನುವಾದಿಸಿದ ವಾಕ್ಯವನ್ನು ನೆನಪಿಟ್ಟು, ಅಂಥದ್ದೇ ವಾಕ್ಯ ಬಂದಾಗ ಮುಂದೆ ಹಿಡಿಯುತ್ತದೆ. ಗೂಗಲ್ ಅನುವಾದದಲ್ಲಿ ಕನ್ನಡ 2011ರಿಂದ ಇದೆ. ಈಗ ಯಂತ್ರ ಮಾಡಿದ್ದನ್ನು ತಿದ್ದಿಕೊಡಿ ಅನ್ನುವವರೇ ಜಾಸ್ತಿ. ಒಂದು ಪುಟ ತಿದ್ದಿ ನೋಡದೆ ದರ ಹೇಳಬೇಡಿ. ಪೂರ್ತಿ ಹೊಸದಾಗಿ ಬರೆಯಬೇಕಾದರೆ ಪೂರ್ತಿ ದರವನ್ನೇ ಕೇಳಿ. ರೋಗಿಗಳ ವಿವರ, ಕೋರ್ಟಿನ ಕಾಗದಗಳನ್ನು ಮಾತ್ರ ಉಚಿತ ಯಂತ್ರಾನುವಾದಕ್ಕೆ ಯಾವತ್ತೂ ಹಾಕಬೇಡಿ.

ಇನ್ನು ದುಡ್ಡಿನ ಮಾತು. ಇದರಲ್ಲಿ ಸಂಕೋಚ ಬೇಡ. ದರ ಮೂಲದ ಪದಗಳ ಲೆಕ್ಕದಲ್ಲೇ ಇರಲಿ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ ಸಾವಿರ ಪದ ಕನ್ನಡಕ್ಕೆ ಬಂದಾಗ ಎಷ್ಟೋ ಕಡಿಮೆಯಾಗುತ್ತದೆ. ಕನ್ನಡ ಪದ ಎಣಿಸಿ ದುಡ್ಡು ಕೊಡುತ್ತೇವೆ ಅಂದರೆ ನಷ್ಟ ನಿಮಗೇ. ಪಳಗಿದವರು ದಿನಕ್ಕೆ 2000 ಪದದಷ್ಟು ಮಾಡುತ್ತಾರೆ. ನೀವು ಮೊದಮೊದಲು 1000ಕ್ಕೆ ಒಪ್ಪಿಕೊಳ್ಳಿ. ಉಳಿದ ಹೊತ್ತು ತಿದ್ದಲು ಬೇಕು.

ಎಷ್ಟು ಪದ, ಏನು ದರ, ಯಾವತ್ತು ಕೊಡಬೇಕು, ದುಡ್ಡು ಯಾವತ್ತು ಬರುತ್ತದೆ – ಇಷ್ಟನ್ನೂ ಇಮೇಲಿನಲ್ಲಿ ಬರೆಸಿಕೊಳ್ಳಿ. ಫೋನಿನ ಮಾತು ನಂಬಿ ಕೂರಬೇಡಿ. ಬೇರೆ ಊರಿನ ಏಜೆನ್ಸಿಯೊಂದು ನನ್ನಿಂದ ಪೂರ್ತಿ ಕೈಪಿಡಿ ತರಿಸಿಕೊಂಡು ದುಡ್ಡಿಗೆ ತಿಂಗಳುಗಟ್ಟಲೆ ಸತಾಯಿಸಿತು. ಈಗ ಹೊಸ ಗಿರಾಕಿಗಳಿಗೆ ಅರ್ಧ ಕಳಿಸುತ್ತೇನೆ, ಅದರ ದುಡ್ಡು ಬಂದ ಮೇಲೆ ಉಳಿದರ್ಧ. ಸ್ಯಾಂಪಲ್ ಅಂತ 300 ಪದದವರೆಗೆ ಪುಕ್ಕಟೆ ಮಾಡಿಕೊಡಬಹುದು. ಅದಕ್ಕಿಂತ ಜಾಸ್ತಿ ಬೇಡ. ಕೆಲಸ ಬೇಕಾದರೆ ನೋಂದಣಿ ಶುಲ್ಕ ಕಟ್ಟಿ ಅನ್ನುವವರ ಸಹವಾಸವೇ ಬೇಡ.

ಕಥೆ, ಕಾದಂಬರಿ ಅನುವಾದಿಸುವ ಆಸೆ ಇದ್ದರೆ ಖಂಡಿತ ಮಾಡಿ, ಆದರೆ ಹಕ್ಕುದಾರರ ಅನುಮತಿ ಮೊದಲೇ ಬರಹದಲ್ಲಿ ಪಡೆಯಿರಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ.

ಪ್ಯಾನ್ ಕಾರ್ಡ್ ಬೇಕೇ ಬೇಕು. ಕಂಪನಿಗಳು ಕೆಲವೊಮ್ಮೆ ನಿಮ್ಮ ದುಡ್ಡಿನಲ್ಲಿ 10% ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದು ಕೊಡುತ್ತವೆ. ಅದು ಹೋಯಿತು ಅಂತ ಸುಮ್ನೆ ಬಿಡಬೇಡಿ. ನಿಮ್ಮ ಆದಾಯಕ್ಕೆ ತೆರಿಗೆ ಬರದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆ ಇಲ್ಲ. ಬಿಲ್ಲಿಗೆ ಮಾತ್ರ ಮೊದಲ ಕೆಲಸದಿಂದಲೇ ನಂಬರ್ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.